ಕೂಪಿನ ದಾರಿ

ಭಾನುವಾರ. ಮಣಿಪಾಲ ಬಿಡುವುದು ಐದೂವರೆಗೆ.
ಜಗ್ಗು ಶೆಟ್ಟಿಗಾರರ ಓಮ್ನಿ, ಪೆಟ್ರೋಲಿನ ಪಾಲು ಮಾಡಿ ಆಯಿತು.
ಹೆಬ್ರಿಯಲ್ಲಿ ಚಾ, ಬನ್ಸ್.
ಆಮೇಲೆ ಎಂತದೂ ಸಿಕ್ಕುವುದಿಲ್ಲ, ಈಗಲೇ ಹೇಳಿಟ್ಟಿದ್ದೇನೆ.

ಐರಿನ್ ಫೋನಿನಲ್ಲಿ ಕೇಳುತ್ತಾಳೆ:
"ಏರು ಎಷ್ಟುಂಟು? ನನ್ನ ಮೊಣಕಾಲು ಗೊತ್ತುಂಟಲ್ಲ ನಿನಗೆ."
"ಮಧ್ಯಮ," ಅಂದೆ.
"ಯಾರಿಗೆ ಮಧ್ಯಮ?"

ಹೌದು, ಯಾರಿಗೆ?
ಎದುರಿಗೆ ಅಪ್ಪನ ನೋಟುಬುಕ್ಕು ಬಿಚ್ಚಿ ಕೂತಿದ್ದೇನೆ,
ರಟ್ಟಿನ ಮೇಲೆ ಎಣ್ಣೆಯ ಕಲೆ, ಅಂಚಿನಲ್ಲಿ ಗೆದ್ದಲು ಓದಿದ ಗುರುತು.
ಅಪ್ಪ ಕೂಪಿನ ರೈಟರು.
ಬಿದ್ದ ಮರಕ್ಕೆ ಟೇಪು ಸುತ್ತಿ, ಅಳತೆ ಬರೆದು,
ಬುಡಕ್ಕೆ ಸುತ್ತಿಗೆಯ ಮುದ್ರೆ ಹೊಡೆಸುವುದು ಕೆಲಸ.
ನಡುಹಾಳೆಯಲ್ಲಿ ಪೆನ್ಸಿಲಿನ ನಕ್ಷೆ:
ಗೇಟು, ತೊರೆ, ಆನೆ ಕಟ್ಟುವ ಜಾಗ, ಇನ್ನೊಂದು ತೊರೆ,
ಮೇಲೆ ಒಂದು ಚೌಕ, ಅದರೊಳಗೆ 'ಡಿಪೋ'.
ಗೇಟಿನಿಂದ ಮೂರೂಮುಕ್ಕಾಲು ಮೈಲಿ.
ಹೋಗಿ ಬಂದರೆ ಹನ್ನೆರಡು ಕಿಲೋಮೀಟರು.

"ಹೆದರಬೇಡ ಮಾರಾಯ್ತಿ, ಸುತ್ತಿ ಸುತ್ತಿ ಏರುವ ದಾರಿ.
ಹೇರು ತುಂಬಿದ ಲಾರಿ ಬ್ರೇಕು ಸುಡದೆ ಇಳಿಯಬೇಕಿತ್ತು,
ಅದಕ್ಕೇ ಹಾಗೆ ಕಡಿದದ್ದು."
ಹೇಳಿದವಳು ಸುಮ್ಮನಾದೆ.
ನಮ್ಮ ಮೊಣಕಾಲಿಗೆ ಸಿಕ್ಕ ಈ ಕರುಣೆ
ದಿಮ್ಮಿಗಳ ಹೆಸರಲ್ಲಿ ಮಂಜೂರಾದದ್ದು.

ಕಿರಾಲುಬೋಗಿ, ಹನ್ನೊಂದು ಅಡಿ ಎರಡಿಂಚು.
ಬಲಗಿ, ಒಂಬತ್ತು. ಹೆಬ್ಬಲಸು, ಹದಿಮೂರು, ಒಳಗೆ ಪೊಳ್ಳು.
ಧೂಪ, ಧೂಪ, ಧೂಪ, ಮೇಲಿನದರಂತೆ,
ಹಾಳೆ ತುಂಬ ಮೇಲಿನದರಂತೆ.
ಅಪ್ಪನ ಅಕ್ಷರ ಚಂದ.
ಅದೇ ಕೈ ನನಗೆ ಕಾಗುಣಿತ ತಿದ್ದಿಸಿದ್ದು.

ನಫೀಸಾ ಕಟಪಾಡಿಯಿಂದ ಬರುತ್ತಾಳೆ,
ಅಂಗಡಿಗೆ ಅವತ್ತು ರಜೆ, ಹೊಲಿಗೆ ಯಂತ್ರಕ್ಕೂ.
ಅವಳದು ಒಂದೇ ಪ್ರಶ್ನೆ: "ನೆರಳುಂಟಾ?"
ಉಂಟು. ಧಾರಾಳ ಉಂಟು.
ಕೂಪು ನಿಂತ ವರ್ಷ ನಾನು ಮೂರನೇ ಕ್ಲಾಸು,
ಆ ನೆರಳೆಲ್ಲ ಆಮೇಲಿನದು,
ನನಗಿಂತ ಸಣ್ಣವು, ನನ್ನನ್ನು ಅಕ್ಕ ಅನ್ನಬೇಕಾದವು.

ರೇಂಜ್ ಆಫೀಸಿನ ಅರ್ಜಿ ತುಂಬಿಸಬೇಕು.
ಹೆಸರು, ವಿಳಾಸ, ಎಷ್ಟು ಜನ, ಪ್ರವೇಶದ ಉದ್ದೇಶ.
ನೋಟುಬುಕ್ಕಿನ ಹೊಟ್ಟೆಯಲ್ಲಿ ಮಡಚಿಟ್ಟ ಹಳೇ ಪಾಸಿನಲ್ಲೂ
ಅದೇ ಕಾಲಮ್ಮು. ಅಪ್ಪ ಬರೆದಿದ್ದಾರೆ: ಸಾಗಾಟ.
ನಾನು 'ನಡಿಗೆ' ಅಂತ ಬರೆದೆ.
ಬರೆದ ಮೇಲೆ ಅದೊಂದು ಉದ್ದೇಶವೇ ಅಂತ ಅನುಮಾನ ಬಂತು.

ದಾರಿ ತೋರಿಸಲು ಬರುವವರು ಅಂಗರಣ್ಣ.
ಕಾಲೊನಿಯ ಕೊನೆಯ ಮನೆ, ರೇಂಜು ಸಿಕ್ಕಿದರೆ ಸಿಕ್ಕಿತು.
ನಿನ್ನೆ ಸಿಕ್ಕಿದರು. ನಕ್ಷೆಯ ಸಂಗತಿ ಹೇಳಿದೆ.
ನಕ್ಕರು: "ಆ ಎರಡನೇ ತೊರೆ ಈಗ ಅಲ್ಲಿಲ್ಲ,
ಸ್ವಲ್ಪ ಆಚೆ ಸರಿದು ಕೂತಿದೆ."
ಆಮೇಲೆ, ಮಳೆ ಹೇಗೆ ಎಂದು ಕೇಳುವ ದನಿಯಲ್ಲೇ:
"ನಿಮ್ಮ ಅಪ್ಪ ಬರೆದದ್ದು, ನಮ್ಮ ಅಪ್ಪ ಕಡಿದದ್ದು.
ಕೂಲಿ ಲೆಕ್ಕದಲ್ಲಿ ಮಾತ್ರ ಎಂತದೋ ತಕರಾರು ಇತ್ತಂತೆ."
ಲೈನು ಕಡಿಯಿತು.
ಕಡಿಯಿತೋ, ಅವರೇ ಇಟ್ಟರೋ.

ಹಿಂದಿನ ಪುಟಗಳಿಗೆ ಹೋದೆ, ಇಷ್ಟು ದಿನ ಹೋಗಿರಲಿಲ್ಲ.
ತುಕ್ರ, ಆರು ದಿನ. ಕಾಟು ಹೊಡೆದು, ಐದು.
ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು,
ಉಂಗುರ ಉಂಗುರವಾಗಿ, ಸಣ್ಣ ಮರದ ಬುಡ ಕೊಯ್ದ ಹಾಗೆ.
ಆರನೇ ದಿನ ಮಳೆ ಬಂದಿತ್ತೋ,
ಗರಗಸ ಮುರಿದಿತ್ತೋ, ಅಪ್ಪ ಬರೆದಿಲ್ಲ.
ಕೇಳೋಣವೆಂದರೆ ಇಬ್ಬರೂ ಇಲ್ಲ.

ಸರಿ, ಚೀಲ.
ತಲಾ ಎರಡು ಲೀಟರು ನೀರು.
ಉಂಬುಳಕ್ಕೆ ಹೊಗೆಸೊಪ್ಪು ಸುಣ್ಣ, ದೀಪಾವಳಿ ಕಳೆದರೂ ನಂಬುವಂತಿಲ್ಲ.
ನೀರುದೋಸೆ ಒಣಗುತ್ತದೆ, ಬೇಡ; ಅವಲಕ್ಕಿ ಸಾಕು.
ಐರಿನ್‌ಗೆ ಊರುಗೋಲು, ಪಟ್ಟಿ, ನೋವಿನ ಮಾತ್ರೆ.
ಟಾರ್ಚು, ಮೂರಕ್ಕೆ ಇಳಿಯಲು ಶುರು ಮಾಡಿದರೂ.
ಬುತ್ತಿಯ ಕೆಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೋಟುಬುಕ್ಕು.
ತೆಗೆದೆ. ಮತ್ತೆ ಇಟ್ಟೆ.
ಚೀಲ ಹಗುರ ಇರಲಿ ಅಂತ
ಎಲ್ಲರಿಗೂ ಹೇಳಿದವಳು ನಾನೇ.

ಡಿಪೋ ಇದ್ದ ಚೌಕದಲ್ಲಿ ಊಟಕ್ಕೆ ಕೂತಾಗ
ಆ ಪುಟ ಅಂಗರಣ್ಣನಿಗೆ ತೋರಿಸಬೇಕು,
ಊಟಕ್ಕೆ ಮೊದಲೋ, ಆದ ಮೇಲೋ.
ಮೊದಲೇ ತೋರಿಸುವುದು ಸರಿ.

ಐರಿನ್ ಮತ್ತೆ ಫೋನು ಮಾಡಿದ್ದಾಳೆ:
"ಉಪ್ಪಿನಕಾಯಿ ಯಾರು ತರುವುದು?"