ದಾಟಿಸಿದ ಲೆಕ್ಕ

ಶಾಲೆಯ ಫಾರಂ ಕೇಳಿತ್ತು:
ಸ್ವಯಂಸೇವೆಯಿಂದ ನೀನು ಕಲಿತದ್ದೇನು?
ಮೂರು ವಾಕ್ಯ ಮೀರದಂತೆ ಬರೆ.
ಕೆಳಗೆ ಮೂರು ಗೆರೆ.

ನಾನು ಹೋದದ್ದು ಗಂಟೆಗಳಿಗಾಗಿ, ಸುಳ್ಳೇಕೆ.
ಹತ್ತು ಗಂಟೆ ಸೇವೆ ಇಲ್ಲದೆ
ಹತ್ತನೇ ತರಗತಿ ದಾಟಿಸುತ್ತಿರಲಿಲ್ಲ.
ಗ್ರಂಥಾಲಯದ ಧೂಳೊರೆಸುವ ಕೆಲಸ
ಲೀಲೊ ಮೊದಲೇ ಹಿಡಿದುಬಿಟ್ಟಿದ್ದಳು,
ಉಳಿದದ್ದು ಕಪ್ಪೆ.

ಏಪ್ರಿಲ್. ಎಸ್ಟೋನಿಯಾದ ದಕ್ಷಿಣದಲ್ಲಿ ಹಿಮ ಕರಗಿ
ಕಾಡಿನಂಚಿಗೆ ಮಾತ್ರ ಹಳೇ ಬೆಡ್‌ಶೀಟಿನ ಚೂರಿನಂತೆ ಉಳಿದಿತ್ತು.
ಒಂದು ಕಡೆ ಕಾಡು, ಇನ್ನೊಂದು ಕಡೆ ಕೆರೆ,
ನಡುವೆ ನಮ್ಮೂರ ರಸ್ತೆ.
ಮಳೆ ಬಿದ್ದ ಮೊದಲ ಬೆಚ್ಚನೆ ರಾತ್ರಿ
(ಬೆಚ್ಚಗೆ ಅಂದರೆ ಆರು ಡಿಗ್ರಿ)
ನೆಲಗಪ್ಪೆಗಳೆಲ್ಲ ಎದ್ದು ಕೆರೆಗೆ ಹೊರಡುತ್ತವೆ.
ಹಾರುವುದಿಲ್ಲ, ನಡೆಯುತ್ತವೆ,
ತಾವು ಹುಟ್ಟಿದ ನೀರಿಗೇ ಮೊಟ್ಟೆಯಿಡಲು.
ರಸ್ತೆ ಆಮೇಲೆ ಬಂದದ್ದು.
ಅದನ್ನು ಯಾರೂ ಅವಕ್ಕೆ ತಿಳಿಸಿಲ್ಲ.

ಒಂಬತ್ತು ಜನ ನಾವು, ಹೊಳೆಯುವ ಹಳದಿ ಅಂಗಿ,
ಪೇಂಟಿನ ಖಾಲಿ ಬಕೆಟ್ಟು.
ನಮ್ಮನ್ನು ಸಾಲಾಗಿ ನಿಲ್ಲಿಸುವುದೇ
ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗಿತ್ತು.
ಎಂಡೆಲ್ ಅಜ್ಜ ಬೈಯಲಿಲ್ಲ.
ಟಾರ್ಚಿನ ಬೆಳಕನ್ನು ನೆಲಕ್ಕಿಳಿಸಿ
"ಕೈ ಒದ್ದೆ ಮಾಡಿಕೊಳ್ಳಿ," ಎಂದ, "ಒಣಗೈ ಅವಕ್ಕೆ ಆಗದು."

ಮೊದಲನೆಯದನ್ನು ಎತ್ತುವಾಗ ಕಣ್ಣು ಮುಚ್ಚಿದ್ದೆ.
ತೆರೆದರೆ ಅದು ನನ್ನನ್ನೇ ನೋಡುತ್ತಿತ್ತು,
ತಾಮ್ರದ ಕಣ್ಣು, ಅಡ್ಡ ಸೀಳಿದ ಪಾಪೆ,
ಅಂಚೆ ಕಚೇರಿಯ ಕಿಟಕಿಯಾಚೆಯ ಹೆಂಗಸಿನಷ್ಟು ನಿರ್ವಿಕಾರ.
ಬೆನ್ನ ಮೇಲೆ ಇನ್ನೊಂದು, ಸಣ್ಣದು, ಗಂಡು,
ಅಪ್ಪಿದ ಪಟ್ಟು ಬಿಡಲೊಲ್ಲದು.
"ಇದು ಒಂದೋ ಎರಡೋ?" ಊಕು ಕೇಳಿದ.
"ಎರಡು," ಎಂದ ಎಂಡೆಲ್ ಅಜ್ಜ,
"ಹೊರುವವಳನ್ನು ಮೊದಲು ಬರಿ."

ಪುಸ್ತಕದಲ್ಲಿ ಎರಡು ಕಾಲಂ:
ದಾಟಿಸಿದ್ದು. ಸತ್ತದ್ದು.
ಸತ್ತದ್ದನ್ನು ಯಾಕೆ ಎಣಿಸಬೇಕು ಎಂದೆ.
ಟಾರಿಗೆ ಅಂಟಿದ್ದನ್ನು ಬಗ್ಗಿ ನೋಡಿ
ಕಾಲೋ ಎಲೆಯೋ ಎಂದು
ಬೆರಳಲ್ಲಿ ಮುಟ್ಟಿಯೇ ತಿಳಿಯುವ ಕೆಲಸ ಅದು.
ಅಜ್ಜ ಉತ್ತರ ಕೊಡಲಿಲ್ಲ,
ಪೆನ್ಸಿಲ್ಲು ಚೂಪು ಮಾಡಿ ಕೊಟ್ಟ.

ಮೂರನೇ ರಾತ್ರಿ, ಥರ್ಮಾಸಿನ ಚಹಾ ಹಂಚುತ್ತ
ಯಾರೂ ಕೇಳದೆ ಹೇಳಿದ:
ಮೂವತ್ತೊಂದು ವರ್ಷ ಈ ರಸ್ತೆಯ ಕೊನೇ ಬಸ್ಸು ನನ್ನದು.
ಇಂಥ ರಾತ್ರಿಗಳಲ್ಲಿ ಚಕ್ರದಡಿ ಸದ್ದಾಗುತ್ತಿತ್ತು.
ರೇಡಿಯೋ ಜೋರು ಮಾಡುತ್ತಿದ್ದೆ.

ಅಷ್ಟೇ. ಲೋಟ ಕೊಡವಿ ಮುಚ್ಚಳ ಹಾಕಿದ.
ಎಲ್ಲಕ್ಕೂ ಪ್ರಶ್ನೆ ಕೇಳುವ ಊಕು ಕೂಡ
ಎಂಥ ಸದ್ದು ಎಂದು ಕೇಳಲಿಲ್ಲ.

ಆಮೇಲೊಂದು ಕಾರು ಬಂತು. ಹಾರ್ನು ಹೊಡೆದು, ಗಾಜಿಳಿಸಿ,
"ಕಪ್ಪೆಗೋಸ್ಕರ ಮನುಷ್ಯರು ಕಾಯಬೇಕಾ?"
ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ,
ಬಕೆಟ್ಟು ಎತ್ತಿ ತೋರಿಸಿದೆ.
ಒಳಗಿಂದ ಸಣ್ಣ ದನಿ, ಬಾತುಮರಿ ಬಿಕ್ಕಿದ ಹಾಗೆ.
ಆತ ಇಳಿಯಲಿಲ್ಲ, ಕ್ಷಮೆ ಕೇಳಲಿಲ್ಲ.
ಗಾಜೇರಿಸಿ
ನಡೆಯುವಷ್ಟೇ ನಿಧಾನಕ್ಕೆ ಹೋದ.
ಅಜ್ಜ ಅದನ್ನೂ ಪುಸ್ತಕದ ಅಂಚಲ್ಲಿ ಗುರುತು ಹಾಕಿಕೊಂಡ.

ನೂರ ಎಂಬತ್ತಾರು. ಮೂವತ್ತನಾಲ್ಕು.
ಕೂಡಿದ್ದು ತಪ್ಪಿ ಮತ್ತೆ ಕೂಡಿದೆವು,
ಎರಡನೇ ಕಾಲಂ ಮಾತ್ರ ಎರಡೂ ಸಲ ಒಂದೇ ಬಂತು.

ಫಾರಮ್ಮಿನಲ್ಲಿ ಬರೆದೆ:
ತಂಡದಲ್ಲಿ ದುಡಿಯುವುದು ಕಲಿತೆ.
ಸಮಯಪಾಲನೆ ಕಲಿತೆ.
ಪರಿಸರದ ಮೇಲೆ ಪ್ರೀತಿ ಬಂತು.
ಟೀಚರು ಸಹಿ ಹಾಕಿದರು.

ಈಗ ಆಗಸ್ಟ್. ಕಾರು ಕಲಿಯುತ್ತಿದ್ದೇನೆ.
ನಡುಮಧ್ಯಾಹ್ನ, ಒಣ ರಸ್ತೆ,
ಎರಡೂ ಬದಿ ಧೂಳು ಹಿಡಿದ ಹುಲ್ಲು.
ಕೆರೆಯ ತಿರುವಿಗೆ ಬರುತ್ತಲೇ
ಕಾಲು ತಾನಾಗಿ ಹಗುರಾಯಿತು.
"ಎದುರಿಗೆ ಏನೂ ಇಲ್ಲವಲ್ಲ,"
ಪಕ್ಕದಲ್ಲಿ ಕೂತ ಮಿಹ್ಕೆಲ್ ಮಾವ ಹುಬ್ಬೇರಿಸಿದ.

ಇಲ್ಲ, ಎಂದೆ.
ರೇಡಿಯೋ ಸ್ವಲ್ಪ ಸಣ್ಣದು ಮಾಡು.