ಮೊಳದ ಲೆಕ್ಕ

ಫಾರಂನಲ್ಲಿ ಒಂದು ಸಾಲು: ಫಿಟ್ಸ್ ಎಷ್ಟು ನಿಮಿಷ ಇತ್ತು?
ಮುನಿರತ್ನಮ್ಮ ಸೂರು ನೋಡಿ, ಬೆರಳು ನೋಡಿ, ಹೇಳಿದಳು:
"ಮುಕ್ಕಾಲು ಮೊಳ ಕಾಕಡ ಕಟ್ಟೋಷ್ಟೊತ್ತು, ಸಿಸ್ಟ್ರಮ್ಮ.
ಕನಕಾಂಬರ ಆದ್ರೆ ಅರ್ಧಾನೇ."

ಪೆನ್ನು ಹಿಡಿದುಕೊಂಡೇ ಇದ್ದೆ.
ಹದಿಮೂರು ವರ್ಷ ಈ ವಾರ್ಡಿನಲ್ಲಿ
ಎಳೆಯ ತಲೆಗಳೊಳಗೆ ಏಳುವ ಮಿಂಚನ್ನು
ಸೆಕೆಂಡುಗಳಲ್ಲಿ ಬರೆದಿಟ್ಟ ಕೈ;
ಹೂವಿನಲ್ಲಿ ಬರೆದದ್ದಿಲ್ಲ.

ಹಾಸಿಗೆ ಹನ್ನೊಂದು. ಲಿಖಿತ. ಆರು ವರ್ಷ.
ಕತ್ತು ಇನ್ನೂ ನಿಂತಿಲ್ಲ. ಇರುವ ಮಾತು ಒಂದೇ: "ಹ್ಞಾ."
ಮೂಗಿನ ನಳಿಗೆಯಲ್ಲಿ ರಾಗಿ ಗಂಜಿ, ಸೋಸಿದ್ದು, ಉಗುರು ಬೆಚ್ಚಗೆ.
ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು,
ಇಲ್ಲವಾದರೆ ಅವಳದೇ ಮೂಳೆ
ಅವಳ ಚರ್ಮವನ್ನು ಒಳಗಿಂದ ತಿನ್ನುತ್ತದೆ.
ಇಇಜಿಯ ಅಂಟು ಕೂದಲಲ್ಲಿ ಗಟ್ಟಿಯಾಗಿತ್ತು;
ಬಿಸಿನೀರಲ್ಲಿ ನೆನೆಸಿ ಎಳೆ ಎಳೆಯಾಗಿ ಬಿಡಿಸುವಾಗ
ತಾಯಿ ನನ್ನನ್ನು ಪಕ್ಕಕ್ಕೆ ಸರಿಸಿದಳು:
"ನಿಮ್ಗೆ ಬಾಚಣಿಗೆ ಹಿಡಿಯೋಕೆ ಬರಲ್ಲ, ಬಿಡಿ."

ಅಜ್ಜಿ ಬಂದವಳೇ ಮಗುವಿನ ಮುಷ್ಟಿಗೆ
ಬೀಗದಕೈ ಗೊಂಚಲು ತುರುಕಿದ್ದಳು.
ಬಿಡಿಸಿಕೊಂಡೆ. ಬೈಯಲಿಲ್ಲ. ಮಂಚದ ಕಂಬಿಗೆ ಸಿಕ್ಕಿಸಿದೆ.
ಕಬ್ಬಿಣ ಅಲ್ಲೇ ಇರಲಿ, ಕೈ ಖಾಲಿ ಇರಲಿ, ಬಾಯಿಯೂ.
ಎಡಕ್ಕೆ ಹೊರಳಿಸಿ, ಅದುಮಿ ಹಿಡಿಯಬೇಡಿ:
ಇಷ್ಟನ್ನು ಆ ವಾರ ನಲವತ್ತು ಸಲ ಹೇಳಿದ್ದೇನೆ.

ರಾತ್ರಿ ಪಾಳಿ, ಎರಡೂಕಾಲು.
ಹೊಸೂರು ರಸ್ತೆಯಲ್ಲಿ ಲಾರಿಗಳು ಗೇರು ಬದಲಿಸುತ್ತಿದ್ದವು.
ವಾರ್ಡಿನೊಳಗೆ ಹೂವು ತರುವಂತಿಲ್ಲ.
ಹತ್ತಿಯ ಸುರುಳಿ ಕೊಟ್ಟೆ,
ಗಾಜ್ ಬಟ್ಟೆಯಿಂದ ಎಳೆದ ದಾರ ಕೊಟ್ಟೆ.
ಮಡಿಲ ತುಂಬ ಹತ್ತಿಯ ಮೊಗ್ಗು ಹೊಸೆದಿಟ್ಟುಕೊಂಡಳು.
"ಕಟ್ಟು," ಅಂದೆ, ವಾಚು ಬಿಚ್ಚಿ ಮೇಜಿನ ಮೇಲಿಟ್ಟು.
ಎರಡು ಅತ್ತ, ಎರಡು ಇತ್ತ, ಗಂಟು.
ಎರಡು ಅತ್ತ, ಎರಡು ಇತ್ತ.
ಕಣ್ಣು ಮಾತ್ರ ಮಗುವಿನ ಮೇಲೆ.
ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಬಿಳಿ ಮಾಲೆ:
ಮೂರು ನಿಮಿಷ ಹನ್ನೆರಡು ಸೆಕೆಂಡು, ನಲವತ್ತೆಂಟು ಗಂಟು.
ಚಾರ್ಟಿನ ಹಿಂಬದಿಯಲ್ಲಿ ಭಾಗಾಕಾರ ಮಾಡಿದೆ.
ಗಂಟಿಗೆ ನಾಲ್ಕು ಸೆಕೆಂಡು.

"ಒಂದೂವರೆ ಮೊಳ ಆಯ್ತು ಅಂದ್ರೆ ಐದು ನಿಮಿಷದ ಹತ್ತಿರ.
ಆಗ ಮೂಗಿಗೆ ಈ ಸ್ಪ್ರೇ, ಆಮೇಲೆ ಆಂಬುಲೆನ್ಸ್."
"ಒಂದೂವರೆ," ಅಂದಳು. "ಗಿರಾಕಿ ಅಷ್ಟು ಯಾರೂ ಕೇಳಲ್ಲ."

ಮಾತು ಹಬ್ಬಿತು.
ಏಳನೇ ಹಾಸಿಗೆಯ ಆಟೋ ಶಫೀವುಲ್ಲಾ ಬೆಳಿಗ್ಗೆ ವರದಿ ಕೊಟ್ಟ:
"ಟೌನ್‌ಹಾಲ್ ಸಿಗ್ನಲ್ ಒಂದ್ಸಲ ಕೆಂಪು, ಮೇಡಂ."
ಮೂರರ ತಾಯಿ: "ಒಂದು ದೋಸೆ. ತಿರುವಿ ಹಾಕದೆ."
ನಗು ಬಂತು. ಆಮೇಲೆ
ಸಿಬ್ಬಂದಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು
ಸುಮಾರು ಎರಡು ಸಿಗ್ನಲ್ ನಿಂತಿದ್ದೆ.
ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರಿಗೆ ಹೇಳಿದ್ದು ಬರೀ ಸೆಕೆಂಡು.

ಇಪ್ಪತ್ತಮೂರನೇ ದಿನ ಮನೆಗೆ. ಗುಣವಾಗಿ ಅಲ್ಲ.
ನಳಿಗೆಯೂ ಹೋಯಿತು ಜೊತೆಗೆ,
ಮೂರು ಬಗೆಯ ಸಿರಪ್ಪು, ಬೀಗದಕೈ ಗೊಂಚಲು.
ಆ ಹತ್ತಿ ಮಾಲೆಯನ್ನು ಮಗುವಿಗೆ ಮುಡಿಸಿದ್ದಳು;
ಲಿಫ್ಟಿನ ಬಳಿ ಯಾರೋ ಕೇಳಿದರು:
"ಪಾಪ, ತಲೆಗೆ ಏಟು ಬಿತ್ತಾ?"

ಮೊನ್ನೆ ಬೆಳಗಿನ ಜಾವ ಫೋನು.
ಹಿಂದೆ ಮಾರ್ಕೆಟ್ಟಿನ ಕೂಗು, ಗೋಣಿ ಎಳೆಯುವ ಸದ್ದು.
ಹೂವಿಲ್ಲದಾಗಲೂ ಆಕೆಯ ಬೆರಳು
ಮಗುವಿನ ಪಕ್ಕ ಗಾಳಿಯನ್ನೇ ಕಟ್ಟುತ್ತಿರುತ್ತವೆ,
ನಾನು ಕಂಡಿದ್ದೇನೆ.
"ಸಿಸ್ಟ್ರಮ್ಮ, ರಾತ್ರಿ ಒಂದು ಬಂತು. ಎಂಟು ಗಂಟು."
ಮೂವತ್ತೆರಡು, ಅಂದುಕೊಂಡೆ. "ಎಂಟೇನಾ?"
"ಎಂಟೇ.
ಒಂಬತ್ತನೇದು ಬೆರಳಲ್ಲೇ ಉಳೀತು."