ಮರ್ಡೋನ ಜೇಬಿನ ಬೀಗದಕೈ

ಶನಿವಾರ ರಾತ್ರಿ, ಹನ್ನೊಂದು ದಾಟಿದೆ.
ನಿಮ್ಮ ಚರ್ಚಿನ ಬಾಯ್ಲರಿನ ಹೊಟ್ಟೆಯೊಳಗೆ
ಮೊಣಕೈವರೆಗೂ ಕೈಯಿಟ್ಟು ಕೂತಿದ್ದೇನೆ, ಮರ್ಡೋ.
ಸ್ಟಾರ್ನೊವೇ ಅಂಗಡಿಯ ಹೊಸ ವಾಷರು ಹಿಡಿಯುತ್ತಿಲ್ಲ,
ಕವಾಟ ಕಚ್ಚಿಕೊಂಡಿದೆ. ಇಲ್ಲಿ ಬೈಯುವ ಹಾಗಿಲ್ಲ,
ಬೈದರೂ ಗ್ಯಾಲಿಕ್‌ನಲ್ಲಿ, ಮೆಲ್ಲಗೆ.
ನಾಳೆ ಮುದುಕಿ ಓಯ್ರಿಕ್‌ಳ ಮೊಣಕಾಲು ಬೆಚ್ಚಗಿದ್ದರೆ ಸಾಕು ನನಗೆ.
ಯಾರನ್ನು ಹೊಗಳಿ ಹಾಡುತ್ತಾಳೆ ಎಂಬುದು
ಅವಳಿಗೂ ಅವನಿಗೂ ಬಿಟ್ಟ ಮಾತು.

ನನಗೆ ದೇವರಿಲ್ಲ.
ಸಿಟ್ಟಿನಿಂದ ಬಿಟ್ಟದ್ದಲ್ಲ. ಹುಡುಕಿದೆ, ಸಿಗಲಿಲ್ಲ,
ಎಡಗೈಯ ಗ್ಲೌಸು ಕಳೆದುಹೋದ ಹಾಗೆ.
ಚಳಿ ಇದೆ.
ಕೈ ಜೇಬಲ್ಲಿಟ್ಟು ನಡೆಯುತ್ತೇನೆ.

ದೋಲಿನಾ ಹೋದ ನವೆಂಬರಿನಲ್ಲಿ
ಗಾಳಿ ಬಾಗಿಲನ್ನೇ ಕಿತ್ತೊಯ್ಯುವಂತಿದ್ದಾಗ
ನೀವೆಲ್ಲ ಬಂದಿರಿ, ಕಪ್ಪು ಕೋಟು, ಒದ್ದೆ ಬೂಟು.
ನಾನೇನು ನಂಬುತ್ತೇನೆಂದು ಒಬ್ಬರೂ ಕೇಳಲಿಲ್ಲ.
ಸರದಿಯ ಮೇಲೆ ಹೆಗಲು ಬದಲಿಸುತ್ತ
ಎರಡು ಮೈಲಿ ಹೊತ್ತಿರಿ ಅವಳನ್ನು, ಮರಳ ದಿಬ್ಬದ ಮಸಣಕ್ಕೆ.
ಎಡಗಾಲು ಎಳೆಯುವ ನೀನು
ಸರದಿ ಮುಗಿದರೂ ಹೆಗಲು ಬಿಡಲಿಲ್ಲ.
ಮುಂದಿನ ಮೇ ತಿಂಗಳಲ್ಲಿ ಜೌಗುನೆಲದಿಂದ ನನ್ನ ಪಾಲಿನ ಪೀಟ್
ಕಡಿದು, ಒಣಗಿಸಿ, ಗೋಡೆ ಪಕ್ಕ ಒಟ್ಟಿದವರು ಯಾರೆಂದು
ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.
ಆ ಚಳಿಗಾಲವೆಲ್ಲ ಒಲೆಗೆ ಹಾಕಿದ್ದು ನಿಮ್ಮ ನಂಬಿಕೆಯನ್ನೇ.
ದಿನಾ ಬೂದಿ ತೆಗೆದವನು ನಾನು, ಅದರ ತೂಕ ಗೊತ್ತು.

ನಿಮ್ಮ ಕೀರ್ತನೆ ಕಿಟಕಿಯಾಚೆ ನಿಂತು ಕೇಳಿದ್ದೇನೆ.
ಒಬ್ಬ ಸಾಲು ಎತ್ತುತ್ತಾನೆ.
ಉಳಿದವರು ತಂತಮ್ಮ ದಾರಿ ಹಿಡಿದು ಅದರ ಹಿಂದೆ ಹೊರಡುತ್ತೀರಿ,
ಒಬ್ಬರಿಗೊಬ್ಬರು ತಾಳೆಯಾಗದೆ,
ಬಂಡೆಯಿಂದ ಎದ್ದ ಕಡಲಹಕ್ಕಿಗಳು ಒಟ್ಟಿಗೆ ತಿರುಗಿದಂತೆ.
ಮೈ ನವಿರೇಳುತ್ತದೆ ಆಗ.
ದೇವರಿಗಲ್ಲ. ನಿಮಗೆ.

ಆದರೆ ಆ ಉಯ್ಯಾಲೆ, ಮರ್ಡೋ.

ಶನಿವಾರ ಕತ್ತಲಾಗುವ ಮುಂಚೆ ನೀನು ಹೋಗಿ
ಶಾಲೆ ಹಿಂದಿನ ಎರಡು ಉಯ್ಯಾಲೆಯನ್ನೂ ಜೋಡಿಸಿ
ಸರಪಳಿ ಸುತ್ತಿ ಬೀಗ ಜಡಿಯುತ್ತೀ.
ಕೌನ್ಸಿಲ್ ದುಡ್ಡಿನ ಉಯ್ಯಾಲೆ.
ಅದರ ಒಂದೆರಡು ತಿರುಪಿನಲ್ಲಿ ನನ್ನ ತೆರಿಗೆಯೂ ಇದೆ.
ಹೋದ ಭಾನುವಾರ ಮಾರ್ಸಲಿ, ಆರು ವರ್ಷದ ಮೊಮ್ಮಗಳು, ಕೇಳಿದಳು:
‘ತಾತ, ಉಯ್ಯಾಲೆ ಏನು ತಪ್ಪು ಮಾಡಿತು?’
ಅವಳೆದುರು ನಿನ್ನನ್ನು ಸಣ್ಣವನಾಗಿಸಲು ಮನಸ್ಸು ಬರಲಿಲ್ಲ.
ವಾರವೆಲ್ಲ ತೂಗಿ ಸುಸ್ತಾಗಿದೆ, ಮಲಗಿದೆ ಅಂದೆ.
ಸರಪಳಿ ಮುಟ್ಟಿ ನೋಡಿದಳು.
‘ಮಲಗಿದವರನ್ನ ಕಟ್ಟಿಹಾಕ್ತಾರಾ?’

ನೋಡು, ಭಾನುವಾರ ನಾನು ಟ್ರ್ಯಾಕ್ಟರ್ ತೆಗೆಯುವುದಿಲ್ಲ,
ತಂತಿಯ ಮೇಲೆ ಬಟ್ಟೆ ಹರವುವುದಿಲ್ಲ.
ಯಾರೂ ಹೇಳಿಲ್ಲ. ನಿಮ್ಮ ಕಿವಿಗೆ, ಕಣ್ಣಿಗೆ
ನೋವಾಗದಿರಲಿ ಅಂತ. ಅದು ನಾನು ಕೊಟ್ಟದ್ದು.
ಕೇಳದೆ ಹೆಗಲು ಕೊಟ್ಟೆಯಲ್ಲ ನೀನು, ಹಾಗೆ.
ಏಳರಲ್ಲಿ ಒಂದು ದಿನ ದಣಿದವರಿಗೆ ಸಿಕ್ಕ ಉಡುಗೊರೆ
ಅನ್ನುತ್ತೀರಿ. ಇರಬಹುದು.
ಉಡುಗೊರೆಯ ಬೀಗದಕೈ
ಕೊಟ್ಟವನ ಜೇಬಿನಲ್ಲೇ ಯಾಕಿರಬೇಕು?
ಅವಳ ಮೊಣಕಾಲು ಮಡಿಯುವುದಾದರೆ ತಾನಾಗಿ ಮಡಿಯಲಿ, ಮುಂದೊಂದು ದಿನ,
ನಾನು ಅಡ್ಡ ನಿಲ್ಲುವುದಿಲ್ಲ, ಆಣೆ
(ಯಾರ ಮೇಲೆ ಆಣೆ ಅಂತ ಕೇಳಬೇಡ).
ಈಗಂತೂ ಆ ಮೊಣಕಾಲಿಗೆ ಬೇಕಾದದ್ದು
ಮುಂದೆ ಚಾಚಿ, ಹಿಂದೆ ಮಡಿಸಿ,
ಒಂದಿಷ್ಟು ಆಕಾಶ ಒದೆಯುವುದು.

ಮಂಗಳವಾರದ ಸಭೆಯಲ್ಲಿ ನಿನ್ನೆದುರು ಕೈ ಎತ್ತುತ್ತೇನೆ.
ಹೇಳದೆ ಎತ್ತಬಾರದು ಅಂತ ಇಷ್ಟೆಲ್ಲ.
ಸೋಲುತ್ತೇನೆ ಅನಿಸುತ್ತದೆ, ಹನ್ನೊಂದಕ್ಕೆ ಎರಡು.
ಬುಧವಾರ ನಿನ್ನ ದೋಣಿಗೆ ಬಣ್ಣ ಬಳಿಯುವುದಿದೆ,
ಬ್ರಷ್ಷು ನಾನೇ ತರುತ್ತೇನೆ.

ಅಗೋ, ಕವಾಟ ಬಿಟ್ಟಿತು.
ಖಾಲಿ ಬೆಂಚುಗಳ ಕೆಳಗೆ ಕೊಳವೆಗಳು
ಟಕ್ ಟಕ್ ಎಂದು ಒಂದೊಂದಾಗಿ ಬಿಸಿಯಾಗುತ್ತಿವೆ.
ಹನ್ನೆರಡಕ್ಕೆ ಏಳು ನಿಮಿಷ.
ನಿನ್ನ ದಿನ ಶುರುವಾಗುವ ಮುಂಚೆ ಹೊರಡಬೇಕು.
ಹೊರಗೆ ಗಾಳಿ. ಶಾಲೆಯ ಕಡೆಯಿಂದ ಸರಪಳಿಯ ಸದ್ದು,
ಸಾಲು ಎತ್ತಿಕೊಡುವವನಿಲ್ಲದ ಹಾಡಿನಂತೆ.
ದೊಡ್ಡ ಸ್ಪ್ಯಾನರು ಪೀಠದ ಹಿಂದೆ ಬಿಟ್ಟುಬಂದೆ, ಕಾಣಿಸುತ್ತೆ.
ನಾಳೆ ನೀನು ಅದನ್ನು ಮುಟ್ಟುವುದಿಲ್ಲ, ಗೊತ್ತು.
ಸೋಮವಾರ ತೆಗೆದುಕೊಳ್ಳುತ್ತೇನೆ.